ಅಲ್ಲಾಡುವ ಅಕ್ಷರಗಳು

ಹೊಸದಾಗಿ ಜೆರಾಕ್ಸ್ ಮಾಡಿದ ಕಾಗದಕ್ಕೆ ಒಂದು ವಾಸನೆ ಇರುತ್ತದೆ, ನೀವೂ ಗಮನಿಸಿರಬಹುದು. ಇಸ್ತ್ರಿಪೆಟ್ಟಿಗೆ ಕೊಂಚ ಹೆಚ್ಚು ಹೊತ್ತು ಬಟ್ಟೆಯ ಮೇಲೆ ಕೂತರೆ ಬರುತ್ತದಲ್ಲ, ಅದರ ದಾಯಾದಿ. ಮೊನ್ನೆ ಭಾನುವಾರ ಅಂಥದೊಂದು ದಪ್ಪ ಕಂತೆಯನ್ನು ನನ್ನ ಮಗಳು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ಅವಳು ಮಾಲೂರಿನ ಕಡೆ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರು. ಕೋಲಾರದ ನಮ್ಮ ಮನೆಯಿಂದಲೇ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಓದುಬರಹಕ್ಕೆ ತಿಣುಕುವ ಮಕ್ಕಳನ್ನು ಚಿಕ್ಕಂದಿನಲ್ಲೇ ಗುರುತಿಸುವುದು ಹೇಗೆಂದು ಶಿಕ್ಷಕರಿಗೆಲ್ಲ ತರಬೇತಿ ಕೊಟ್ಟು, ಜೊತೆಗೆ ಈ ಕಂತೆಯನ್ನೂ ಕೊಟ್ಟು ಕಳಿಸಿದ್ದರಂತೆ. ಒಂದೊಂದು ಮಗುವಿಗೂ 'ಹೌದು', 'ಇಲ್ಲ' ಎಂಬ ಚೌಕಗಳಲ್ಲಿ ಗುರುತು ಹಾಕುತ್ತಾ ಹೋಗಬೇಕು. ರಜೆ ಹಾಳಾಯಿತೆಂದು ಅವಳ ಮುಖ ಊದಿಕೊಂಡಿತ್ತು.

"ನಿಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ. ನೀವು ಪುಣ್ಯವಂತರಪ್ಪಾ" ಅಂದಳು.

ಇರಲಿಲ್ಲ ಅಂತ ಒಪ್ಪಿಕೊಂಡು ನಾನು ಪೇಪರ್ ಓದಬಹುದಾಗಿತ್ತು. ಆದರೆ ಆ ವಾಸನೆ ಮೂಗಿಗೆ ಹೊಕ್ಕಿತ್ತು. ಅದರ ಹಿಂದೆಯೇ ಇನ್ನೊಂದು ವಾಸನೆ, ನಮ್ಮ ಕಾಲದ ಸೈಕ್ಲೋಸ್ಟೈಲ್ ಶಾಯಿಯದು, ಎದ್ದುಬಂತು. ಜೆರಾಕ್ಸ್ ಬರುವ ಮುಂಚೆ ಮೇಣದ ಹಾಳೆಯ ಮೇಲೆ ಟೈಪು ಮಾಡಿ, ಕೈಯಲ್ಲಿ ಉರುಳೆ ತಿರುಗಿಸಿ ಪ್ರತಿ ತೆಗೆಯುತ್ತಿದ್ದರು. ಮುಟ್ಟಿದ ಬೆರಳಿಗೆ ಮಸಿ, ಆ ಬೆರಳು ಮುಟ್ಟಿದ ಬಿಳಿ ಷರಟಿಗೂ ಮಸಿ. ನನಗೆ ಆಗ ಇದ್ದ ಒಂದೇ ಒಳ್ಳೆಯ ಷರಟು ಹಾಳಾದದ್ದು ಅಂಥ ಕಾಗದದಿಂದ. ಅದೂ ಇದೇ ವಿಷಯದ ತರಬೇತಿಯಲ್ಲಿ. ಮಗಳಿಗೆ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು. ಮೇಷ್ಟರಿಗೆ ಇಷ್ಟು ಸಾಕು, ನಿಮಗೆ ಗೊತ್ತಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಗೌನಿಪಲ್ಲಿಯಿಂದ ಇನ್ನೂ ಒಳಗೆ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿಯ ಶಾಲೆಗೆ ಕೆಲಸವಾಯಿತು. ಸುತ್ತ ಮಾವಿನ ತೋಪುಗಳು, ರಾಗಿ ಹೊಲಗಳು. ಊರಿನವರ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ, ಜಗಳ ಎರಡರಲ್ಲೂ. ನಾನು ಮುಳಬಾಗಿಲಿನ ಕಡೆಯವನಾದ್ದರಿಂದ ಎರಡೂ ಬರುತ್ತಿದ್ದವು. ಬರದೇ ಇದ್ದದ್ದು ಪಾಠ ಮಾಡುವುದೊಂದೇ. ತಲೆ ತುಂಬ ಕೂದಲಿತ್ತು, ಅದನ್ನು ಹಿಂದಕ್ಕೆ ಬಾಚುವುದಕ್ಕೇ ದಿನದ ಒಳ್ಳೆಯ ಹೊತ್ತು ಹೋಗುತ್ತಿತ್ತು.

ಶಾಲೆಗೆ ನಾವು ಮೂವರು. ಹೆಡ್‌ಮೇಷ್ಟರು ರಂಗಪ್ಪನವರು, ನಿವೃತ್ತಿ ಹತ್ತಿರವಾಗಿದ್ದವರು. ಅಕ್ಷರ ದುಂಡಗಿದ್ದರೆ ಮನುಷ್ಯ ಒಳ್ಳೆಯವನು ಎಂಬುದು ಅವರ ಸಿದ್ಧಾಂತ. ನನ್ನ ಅಕ್ಷರ ನೋಡಿದ ದಿನವೇ ನನ್ನ ಬಗ್ಗೆ ಒಂದು ತೀರ್ಮಾನಕ್ಕೆ ಬಂದಿದ್ದರು. ಇನ್ನೊಬ್ಬರು ಸರೋಜಮ್ಮ ಟೀಚರು. ನನಗಿಂತ ಕೆಲವು ವರ್ಷ ದೊಡ್ಡವರು, ಸಣ್ಣ ದನಿ, ಮಾತು ಕಡಿಮೆ. ಆದರೆ ಒಂದು ಯೋಚನೆ ತಲೆಗೆ ಬಂತೆಂದರೆ ಅದನ್ನು ಮುಗಿಸುವವರೆಗೆ ಬಿಡುವ ಜನವಲ್ಲ.

ನಾಲ್ಕನೇ ತರಗತಿಯಲ್ಲಿ ಮುನಿಲಕ್ಷ್ಮಿ ಎಂಬ ಹುಡುಗಿ ಇದ್ದಳು. ನಾನು ಹೋಗುವ ಮುಂಚೆಯೂ ಅವಳು ನಾಲ್ಕನೇ ತರಗತಿಯಲ್ಲೇ ಇದ್ದಳು. ಬಾಯಿ ಅಂದರೆ ಬಾಯಿ. ಪಾಠವನ್ನು ಒಮ್ಮೆ ಓದಿ ಹೇಳಿದರೆ ಸಾಕು, ಮಾರನೆಯ ದಿನ ರಾಜ, ಮಂತ್ರಿ, ಕುದುರೆ ಒಂದನ್ನೂ ಬಿಡದೆ, ಕೆಲವೊಮ್ಮೆ ನಾನು ಬಿಟ್ಟಿದ್ದನ್ನೂ ಸೇರಿಸಿ, ಒಪ್ಪಿಸುತ್ತಿದ್ದಳು. ಪುಸ್ತಕ ಕೈಗೆ ಕೊಟ್ಟರೆ ಮುಗಿಯಿತು. 'ಸರ' ಅನ್ನು 'ರಸ' ಅನ್ನುವಳು. ನಿನ್ನೆ ತಿದ್ದಿಸಿದ 'ಬ' ಇವತ್ತು ಅವಳಿಗೆ ಹೊಸ ನೆಂಟ. ಒತ್ತಕ್ಷರಗಳು ಅವಳ ಸ್ಲೇಟಿನಲ್ಲಿ ಯಜಮಾನರನ್ನು ಬಿಟ್ಟು ಪಕ್ಕದ ಮನೆಗೆ ಹೋಗಿ ಕೂರುತ್ತಿದ್ದವು. ರಂಗಪ್ಪನವರು ಇದಕ್ಕೆ ಎರಡು ಕಾರಣ ಹೇಳುತ್ತಿದ್ದರು. ಒಂದು, ಮನೆಯ ತೆಲುಗು. ಎರಡು, ಮೈಗಳ್ಳತನ. ಔಷಧಿ ಮಾತ್ರ ಒಂದೇ. ಅದು ಬೀರುವಿನ ಮೇಲಿರುತ್ತಿತ್ತು, ಹುಣಸೇ ಬರಲು.

ಆದರೆ ಅದನ್ನು ಅವಳ ಮೇಲೆ ಜೋರಾಗಿ ಪ್ರಯೋಗಿಸುವ ಹಾಗಿರಲಿಲ್ಲ. ಅವಳ ತಾತ ಪಿಳ್ಳಪ್ಪನವರು ಪಂಚಾಯಿತಿ ಚೇರ್ಮನ್ನರು. ಶಾಲೆ ನಿಂತಿದ್ದ ಜಾಗ ಅವರು ಬರೆದುಕೊಟ್ಟದ್ದು. ಎತ್ತರದ ಆಳು, ಬಿಳಿ ಪಂಚೆ, ಜುಬ್ಬಾ. ಬೆಳಗಿನ ಬಸ್ಸಿಗೆ ಪೇಪರ್ ಬಂದೊಡನೆ ಅದನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಶಾಲೆಯ ಮುಂದಿನ ಕಲ್ಲುಬೆಂಚಿಗೆ ಬರುತ್ತಿದ್ದರು. "ಕನ್ನಡಕ ಮನೇಲಿ ಬಿಟ್ಬಂದೆ, ಮೇಷ್ಟ್ರೇ. ಒಸಿ ಓದಿ" ಅನ್ನುವರು. ನಾನು ಓದುವೆ. ಪ್ರಧಾನಿ ಏನಂದರು ಎಂಬಲ್ಲಿಂದ ಹಿಡಿದು ಮಾರುಕಟ್ಟೆಯಲ್ಲಿ ಟೊಮೆಟೊ ಏನಾಯಿತು ಎಂಬಲ್ಲಿಯವರೆಗೆ ಕೇಳಿ, ಒಂದೊಂದಕ್ಕೂ ಹತ್ತು ಪ್ರಶ್ನೆ ಹಾಕುವರು. ಸಂಜೆ ಟೀ ಅಂಗಡಿಯಲ್ಲಿ ಅದನ್ನೇ ಊರಿಗೆ ವಿವರಿಸುವರು. ನಾನು ಓದಿದ್ದಕ್ಕಿಂತ ಅದು ಚೆನ್ನಾಗಿರುತ್ತಿತ್ತು.

ಹೀಗಿರುವಾಗ ಕೋಲಾರದಲ್ಲಿ ಶಿಕ್ಷಕರ ತರಬೇತಿಗೆ ಹೋಗಿ ಅಂತ ನನಗೂ ಸರೋಜಮ್ಮನವರಿಗೂ ಆರ್ಡರು ಬಂತು. ತರಬೇತಿ ಅಂದರೆ ನನಗೆ ಪಟ್ಟಣದ ಸಿನಿಮಾ, ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ಮಸಾಲೆದೋಸೆ, ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚದೆ ನಿದ್ದೆ ಮಾಡುವ ಅಭ್ಯಾಸ. ಆ ವಾರದ ಒಂದು ಮಧ್ಯಾಹ್ನ ಬೆಂಗಳೂರಿನಿಂದ ಒಬ್ಬ ವಯಸ್ಸಾದ ಹೆಂಗಸು ಬಂದರು. ಕೈಯಲ್ಲಿ ಛತ್ರಿ, ಹೆಗಲಿಗೆ ಬಟ್ಟೆಚೀಲ. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ 'ಡಿಸ್ಲೆಕ್ಸಿಯಾ' ಎಂದು ಬರೆದು ನಮ್ಮನ್ನು ಬರೆದುಕೊಳ್ಳಲು ಹೇಳಿದರು. ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದೆವು. ಅವರು ಸಾಲುಗಳ ನಡುವೆ ಓಡಾಡಿ ನೋಡಿ, ಪರವಾಗಿಲ್ಲ, ಅಕ್ಷರ ಎಡವುವುದೇ ಇವತ್ತಿನ ವಿಷಯ, ಅಂದರು.

ಆಮೇಲೆ ಚೀಲದಿಂದ ಪುಟ್ಟ ಕನ್ನಡಿಗಳನ್ನು ತೆಗೆದು ಹಂಚಿದರು. ತರಬೇತಿಯಲ್ಲಿ ಕೊಟ್ಟಿದ್ದ ಸೈಕ್ಲೋಸ್ಟೈಲ್ ಕಾಗದದ ಹಿಂಬದಿಯಲ್ಲಿ ಬರೆಯಬೇಕು, ಅದನ್ನು ನೇರವಾಗಿ ನೋಡಬಾರದು. ಕನ್ನಡಿಯೊಳಗೆ ಮಾತ್ರ ನೋಡುತ್ತಾ 'ನಮ್ಮ ಊರಿನ ದೊಡ್ಡ ಕೆರೆ' ಎಂದು ಬರೆಯಬೇಕು. ನೀವು ಬೇಕಾದರೆ ಇವತ್ತು ಪ್ರಯತ್ನಿಸಿ. ಕೈ ಎಡಕ್ಕೆ ಹೋಗು ಅಂದರೆ ಬಲಕ್ಕೆ ಹೋಗುತ್ತದೆ, ಮೇಲೆ ಅಂದರೆ ಕೆಳಕ್ಕೆ. ನನ್ನ 'ನ' ಸತ್ತ ಹಲ್ಲಿಯಂತೆ ಬಿದ್ದಿತ್ತು. ತರಬೇತಿಯ ಕೋಣೆಗೆ ಕೋಣೆಯೇ ನಗುತ್ತಿತ್ತು. ಆ ನಗುವಿನ ನಡುವೆ ಆ ಹೆಂಗಸು ನನ್ನ ಹಿಂದೆ ಬಂದು ನಿಂತು, ಇದ್ದಕ್ಕಿದ್ದಂತೆ ದನಿ ಬದಲಿಸಿ, "ಎಷ್ಟು ಹೊತ್ತು? ಪಕ್ಕದವರು ಮುಗಿಸಿದಾರೆ. ಗಮನ ಎಲ್ಲಿದೆ ನಿನಗೆ? ಸೋಮಾರಿ" ಅಂದರು. ನನ್ನ ಕಿವಿ ಬಿಸಿಯಾಯಿತು. ಅವರು ಮತ್ತೆ ತಮ್ಮ ಮೆತ್ತನೆಯ ದನಿಗೆ ಮರಳಿ, ಕ್ಷಮಿಸಿ, ಕೆಲವು ಮಕ್ಕಳಿಗೆ ದಿನಾ ಹೀಗೇ ಆಗುತ್ತೆ, ಅಷ್ಟು ಗೊತ್ತಾಗಲಿ ಅಂತ ಅಂದೆ, ಅಂದರು. ಗಾಬರಿಯಲ್ಲಿ ನಾನು ಮಸಿಯ ಕೈಯನ್ನು ಷರಟಿಗೆ ಒರೆಸಿಕೊಂಡದ್ದು ಆಗಲೇ.

ಊರಿಗೆ ಮರಳುವ ಬಸ್ಸಿನಲ್ಲಿ ಸರೋಜಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದರು. ಶ್ರೀನಿವಾಸಪುರ ದಾಟಿದ ಮೇಲೆ ಒಂದೇ ಮಾತು ಹೇಳಿದರು: "ಮುನಿಲಕ್ಷ್ಮಿ ಕಣ್ರೀ."

ಸೋಮವಾರದಿಂದ ಅವರು ಮಧ್ಯಾಹ್ನದ ಬಿಡುವಿನಲ್ಲಿ ಒಂದೊಂದೇ ಮಗುವನ್ನು ಹೊಂಗೆ ಮರದ ಕೆಳಗೆ ಕೂರಿಸಿಕೊಂಡು ಮಾತಾಡಿಸತೊಡಗಿದರು. ತರಬೇತಿಯಲ್ಲಿ ಕೇಳಿದ್ದಕ್ಕೆ ತಮ್ಮ ಬುದ್ಧಿಯನ್ನೂ ಸೇರಿಸಿ ಕೆಲವು ಆಟ ಮಾಡಿಕೊಂಡಿದ್ದರು. 'ಕನಸು' ಅನ್ನುವುದರಿಂದ 'ಕ' ತೆಗೆದರೆ ಏನುಳಿಯಿತು? 'ಮರ' ಉಲ್ಟಾ ಮಾಡಿದರೆ? ರಂಗಪ್ಪನವರು ವರಾಂಡದಿಂದ ನೋಡಿ, ತೆಲುಗಿನ ಮಕ್ಕಳಿಗೆ ಕನ್ನಡದಲ್ಲಿ ಕೇಳಿದರೆ ಹೇಗಮ್ಮ ಬರುತ್ತೆ ಅಂದರು. ಅದು ಸರಿಯಾದ ಮಾತೇ. ಸರೋಜಮ್ಮ ಮಾರನೆಯ ದಿನ ತೆಲುಗಿನಲ್ಲೇ ಕೇಳಿದರು. ಮಾವಿನಹಣ್ಣಿಗೆ ಅವರು 'ಮಾಮಿಡಿ' ಅನ್ನುತ್ತಾರೆ. 'ಮಾಮಿಡಿ'ಯಿಂದ 'ಡಿ' ತೆಗೆ, ಏನುಳಿಯಿತು? ಸುತ್ತ ಬಂದು ನಿಂತಿದ್ದ ಹುಡುಗಿಯರು 'ಮಾಮಿ' ಎಂದು ಕೂಗಿ ನಕ್ಕರು. ಮಾವಿನ ತೋಪಿನಲ್ಲೇ ಹುಟ್ಟಿದ ಮುನಿಲಕ್ಷ್ಮಿ ಮೇಲೆ ನೋಡಿದಳು, ಕೆಳಗೆ ನೋಡಿದಳು, ಕೊನೆಗೆ "ಹಣ್ಣು ಉಳೀತದೆ ಟೀಚರ್" ಅಂದಳು. ತೊಂದರೆ ತೆಲುಗಿನದಲ್ಲ ಎಂದು ರಂಗಪ್ಪನವರೂ ಒಪ್ಪಬೇಕಾಯಿತು. ಮೈಗಳ್ಳತನದ ವಾದವನ್ನು ಮಾತ್ರ ಅವರು ಇಟ್ಟುಕೊಂಡರು.

ಇನ್ನೂ ಇಬ್ಬರು ಮೂವರು ಮಕ್ಕಳಿಗೆ ಹೀಗೇ ಇತ್ತು. ಆದರೆ ಊರಿಗೆ ಬೇಕಾದದ್ದು ಚೇರ್ಮನ್ನರ ಮೊಮ್ಮಗಳ ಸುದ್ದಿ. ಶಾಲೆಯ ಗೇಟು ದಾಟುವಾಗ ಅದು 'ಓದಲು ಕಷ್ಟ' ಎಂದಿತ್ತು. ಟೀ ಅಂಗಡಿಗೆ ಬರುವಷ್ಟರಲ್ಲಿ 'ತಲೆಯಲ್ಲಿ ಏನೋ ಇದೆ' ಆಯಿತು. ಬಾವಿಕಟ್ಟೆ ತಲುಪುವ ಹೊತ್ತಿಗೆ ಪಿಳ್ಳಪ್ಪನವರ ವಂಶಕ್ಕೇ ಮೆದುಳಿನ ಕಾಯಿಲೆ. ಅದೇ ದಿನಗಳಲ್ಲಿ ಅವರ ಕಿರಿಯ ಮಗಳನ್ನು ನೋಡಲು ಮದನಪಲ್ಲಿ ಕಡೆಯಿಂದ ಗಂಡಿನವರು ಬರುವವರಿದ್ದರು. ಮುನಿಲಕ್ಷ್ಮಿಯ ತಾಯಿ ಶಾಲೆಗೆ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮಗುವನ್ನು ನಾಳೆಯಿಂದ ಕಳಿಸಲ್ಲ, ತೋಟದ ಕೆಲಸಕ್ಕಾದರೂ ಆಗುತ್ತಾಳೆ ಎಂದು ಹೇಳಿ ಕೈಹಿಡಿದು ಕರೆದುಕೊಂಡು ಹೋದರು. ಮುನಿಲಕ್ಷ್ಮಿ ಗೇಟಿನವರೆಗೂ ಹಿಂದೆ ತಿರುಗಿ ನೋಡುತ್ತಾ ಹೋದಳು.

ಮಾರನೆಯ ದಿನ ಪೇಪರ್ ಬಂತು, ಪಿಳ್ಳಪ್ಪನವರು ಬರಲಿಲ್ಲ. ಅವರು ತಾಲ್ಲೂಕಿಗೆ ಹೋಗಿ ಸರೋಜಮ್ಮನವರನ್ನು ಎತ್ತಂಗಡಿ ಮಾಡಿಸುತ್ತಾರೆಂದು ರಂಗಪ್ಪನವರಿಗೆ ಖಚಿತವಾಗಿತ್ತು. ನೀವು ಹೋಗಿ ತಪ್ಪಾಯ್ತು ಅಂದುಬಿಡಿ, ಎಂದು ಸರೋಜಮ್ಮನವರಿಗೆ ಹೇಳಿದರು. ತಪ್ಪಾಗಿಲ್ಲವಲ್ಲ ಸಾರ್, ಎಂದು ಅವರು ಅದೇ ಸಣ್ಣ ದನಿಯಲ್ಲಿ ಹೇಳಿ ಪಾಠಕ್ಕೆ ಹೋದರು. ಮಧ್ಯಾಹ್ನ ಚೇರ್ಮನ್ನರೇ ಬಂದರು. ರಂಗಪ್ಪನವರು ತಮ್ಮ ಕುರ್ಚಿ ಬಿಟ್ಟು ಎದ್ದರು, ಅವರು ಕೂರಲಿಲ್ಲ.

ಸರೋಜಮ್ಮನವರ ಕಡೆ ತಿರುಗಿ, ನಮ್ಮ ಹುಡುಗಿಗೆ ಹುಚ್ಚು ಅಂತ ಯಾವ ಡಾಕ್ಟರು ಹೇಳಿದ್ದು ಎಂದು ಕೇಳಿದರು. ದನಿ ಎತ್ತಿರಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. ಸರೋಜಮ್ಮ ತಮಗೆ ತಿಳಿದಷ್ಟನ್ನು ನಿಧಾನವಾಗಿ ಹೇಳಿದರು. ಇದು ಹುಚ್ಚಲ್ಲ, ಇದಕ್ಕೆ ಡಿಸ್ಲೆಕ್ಸಿಯಾ ಅಂತ ಹೆಸರು. ಮಗು ಜಾಣೆ. ಕೇಳಿದ್ದು ಹೋಗುವುದಿಲ್ಲ, ನೋಡಿದ ಅಕ್ಷರ ನಿಲ್ಲುವುದಿಲ್ಲ. ಒಂದೇ ಅಕ್ಷರ ಅವಳಿಗೆ ಇವತ್ತು ಒಂದು ಥರ, ನಾಳೆ ಒಂದು ಥರ. ಬೇರೆ ದಾರಿಯಲ್ಲಿ ಕಲಿಸಿದರೆ ಬರುತ್ತದೆ. ಇಷ್ಟಕ್ಕೇ ನಿಲ್ಲಿಸಬಾರದಿತ್ತೆ? "ಇದು ಒಂದೊಂದು ಸಲ ಮನೆತನದಲ್ಲೇ ಬರತ್ತಂತೆ. ಮನೇಲಿ ಹಿರಿಯರಿಗೆ ಯಾರಿಗಾದ್ರೂ ಇರತ್ತೆ ಅಂತ ತರಬೇತಿಗೆ ಬಂದಿದ್ದ ಬೆಂಗಳೂರಿನ ಆಯಮ್ಮ ಹೇಳಿದ್ರು" ಅಂದರು.

ರಂಗಪ್ಪನವರು ಕಣ್ಣು ಮುಚ್ಚಿಕೊಂಡರು. ನಾನು ಬಾಗಿಲು ಎಷ್ಟು ದೂರವಿದೆ ಎಂದು ನೋಡಿಕೊಂಡೆ.

ಪಿಳ್ಳಪ್ಪನವರು ಈಗ ಕುರ್ಚಿ ಎಳೆದುಕೊಂಡು ಕೂತರು. ಬಹಳ ಹೊತ್ತು ಗೋಡೆಯ ಮೇಲಿನ ಅಕ್ಷರಮಾಲೆಯ ಪಟವನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ಅಕ್ಷರ ಅಲ್ಲಾಡ್ತದಾ ಅವಳಿಗೆ?" ಎಂದು ಕೇಳಿದರು.

ಹಾಗೇ ಅಂತಾಳೆ, ಎಂದರು ಸರೋಜಮ್ಮ.

ಪಿಳ್ಳಪ್ಪನವರು ಜುಬ್ಬಾದ ಜೇಬಿಗೆ ಕೈ ಹಾಕಿ ಒಂದು ಕನ್ನಡಕದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ನನ್ನ ಕಡೆ ನೋಡಿ ಹೇಳಿದರು: "ಇದು ದಿನಾ ಜೇಬಲ್ಲೇ ಇರ್ತದೆ, ಮೇಷ್ಟ್ರೇ. ಹಾಕ್ಕೊಂಡ್ರೂ ಅಷ್ಟೇ, ತೆಗೆದ್ರೂ ಅಷ್ಟೇ."

ಅವರ ಕಥೆಯನ್ನು ಅವರು ಹೆಚ್ಚು ಬೆಳೆಸಲಿಲ್ಲ. ಚಿಕ್ಕವರಿದ್ದಾಗ ಮೇಷ್ಟರು ಕಂಬಕ್ಕೆ ಕಟ್ಟಿಹಾಕಿ ಅಕ್ಷರ ಕೇಳುತ್ತಿದ್ದರಂತೆ. ಅಣ್ಣತಮ್ಮಂದಿರೆಲ್ಲ ಓದಿ ಮುಂದೆ ಹೋದರು, ಇವರು ತೋಪಿಗೆ ಓಡಿಹೋಗಿ ಮರದ ಮೇಲೆ ಕೂತರು. ನಾನು ದಡ್ಡ ಅಂತ ಅವತ್ತೇ ಒಪ್ಪಿಕೊಂಡುಬಿಟ್ಟೆ, ಆಮೇಲೆ ಅದು ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಳ್ಳುವುದೇ ಕೆಲಸವಾಯಿತು ಅಂದರು. ಸಹಿ ಮಾತ್ರ ಚಿತ್ರ ಬರೆದಂತೆ ಕಲಿತಿದ್ದರು. ಹೆಂಡತಿಗೂ ತಿಳಿಯದಂತೆ. ಹೇಳುವಾಗ ಅವರ ಮುಖದಲ್ಲಿ ದುಃಖಕ್ಕಿಂತ ಒಂದು ಬಗೆಯ ಆಶ್ಚರ್ಯವಿತ್ತು. ಇಷ್ಟು ವರ್ಷ ತಮ್ಮದೊಬ್ಬರದೇ ಎಂದುಕೊಂಡಿದ್ದಕ್ಕೆ ಬೆಂಗಳೂರಿನಲ್ಲಿ ಒಂದು ಹೆಸರೂ ಇದೆ ಎಂಬ ಆಶ್ಚರ್ಯ.

ಎದ್ದು ಹೋಗುವಾಗ ಸರೋಜಮ್ಮನವರಿಗೆ, "ಅವಳನ್ನ ನಾಳೆ ಕಳಿಸ್ತೀನಿ. ಕಂಬ ಒಂದು ತೋರಿಸ್ಬೇಡಿ" ಅಂದರು. ರಂಗಪ್ಪನವರು ಯಾರೂ ಹೇಳದೆಯೇ ಬೀರುವಿನ ಮೇಲಿನ ಬರಲನ್ನು ಹಿತ್ತಲಿಗೆ ಎಸೆದರು. ಎಸೆದು, ಗೆದ್ದಲು ಹಿಡಿದಿತ್ತು ಅಂದರು.

ಗಂಡಿನವರು ಬಂದ ದಿನ ನನ್ನನ್ನೂ ಕರೆದಿದ್ದರು. ಚಕ್ಕುಲಿ, ಕಾಫಿ ಆದ ಮೇಲೆ ಗಂಡಿನ ತಂದೆ ಗಂಟಲು ಸರಿಮಾಡಿಕೊಂಡು, ಊರಲ್ಲಿ ಏನೋ ಮಾತು ಕೇಳಿದೆವು ಎಂದು ಶುರು ಮಾಡಿದರು. ಪಿಳ್ಳಪ್ಪನವರು ಸುತ್ತುಬಳಸಲಿಲ್ಲ. ತಮಗೂ ಮೊಮ್ಮಗಳಿಗೂ ಅಕ್ಷರ ನಿಲ್ಲುವುದಿಲ್ಲ, ಬೇರೇನೂ ಇಲ್ಲ, ಮಗಳಿಗೆ ಅದೂ ಇಲ್ಲ, ಎಂದು ನಡುಮನೆಯಲ್ಲಿ ಎಲ್ಲರ ಎದುರು ಹೇಳಿಬಿಟ್ಟರು. ಅವರ ಹೆಂಡತಿ ಬಾಗಿಲ ಬಳಿ ಕಾಫಿ ಲೋಟ ಹಿಡಿದು ನಿಂತಲ್ಲೇ ನಿಂತರು. ಗಂಡಿನ ತಂದೆ ತಮ್ಮ ಅಣ್ಣನ ಮುಖ ನೋಡಿದರು. ಆ ಅಣ್ಣ ಮೀಸೆ ಒರೆಸಿಕೊಂಡು, "ಮಾ ಇಂಟ್ಲೋನೂ ಉಂಡಾದಿ" ಅಂದರು. ನಮ್ಮ ಮನೆಯಲ್ಲೂ ಇದೆ, ಅಂತ. ಯಾರಿಗೆ ಎಂದು ಯಾರೂ ಕೇಳಲಿಲ್ಲ. ಆ ಅಣ್ಣನ ಕೈಯಲ್ಲಿದ್ದ ಲಗ್ನದ ಪಂಚಾಂಗ ಅಷ್ಟು ಹೊತ್ತೂ ತಲೆಕೆಳಗಾಗಿಯೇ ಇತ್ತು. ಮದುವೆ ಆಯಿತು. ಊಟ ಚೆನ್ನಾಗಿತ್ತು.

ಮುನಿಲಕ್ಷ್ಮಿಗೆ ಸರೋಜಮ್ಮ ಕಲಿಸಿದ್ದನ್ನು ನೋಡುವುದೇ ಒಂದು ಚಂದ. ಮೊರದಲ್ಲಿ ರಾಗಿ ಹಿಟ್ಟು ಹರವಿ ಬೆರಳಲ್ಲಿ ದೊಡ್ಡದಾಗಿ ಬರೆಸುವುದು, ಬರೆಯುವಾಗ ಬಾಯಲ್ಲಿ ಹೇಳಿಸುವುದು, ಹೋಲುವ ಅಕ್ಷರಗಳನ್ನು ಒಂದೇ ದಿನ ತೋರಿಸದಿರುವುದು. ವಾರವೆಲ್ಲ ಒಂದೇ ಅಕ್ಷರವಾದರೂ ಸರಿ. ಬಂದದ್ದು ಕೆಲವೊಮ್ಮೆ ಹೋಗುತ್ತಿತ್ತು. ಹೋದಾಗ ಮುನಿಲಕ್ಷ್ಮಿ ಅಳುತ್ತಿದ್ದಳು, ಒಮ್ಮೆ ಮೊರವನ್ನೇ ತಳ್ಳಿ ಎದ್ದುಹೋದಳು. ಸರೋಜಮ್ಮ ಹಿಟ್ಟು ಬಳಿದು ತುಂಬಿಟ್ಟು ಮಾರನೆಯ ದಿನ ಮತ್ತೆ ಹರವಿದರು. ಪರೀಕ್ಷೆ ಬಂದಾಗ ಅವಳಿಗೆ ಬಾಯಲ್ಲೇ ಪ್ರಶ್ನೆ ಕೇಳಬಹುದೇ ಎಂದು ರಂಗಪ್ಪನವರು ಮೇಲಿನವರಿಗೆ ದುಂಡಗಿನ ಅಕ್ಷರದಲ್ಲಿ ಪತ್ರ ಬರೆದರು. ಉತ್ತರ ಬರಲಿಲ್ಲ. ಬೇಡ ಅಂದಿಲ್ಲವಲ್ಲ, ಅಂದಮೇಲೆ ಬೇಕು ಅಂತಲೇ ಅರ್ಥ, ಎಂದು ಅವರೇ ತೀರ್ಮಾನಿಸಿ ಬಾಯಿಪರೀಕ್ಷೆ ಮಾಡಿದರು. ಮುನಿಲಕ್ಷ್ಮಿ ನಾಲ್ಕನೇ ತರಗತಿಯನ್ನು ಕೊನೆಗೂ ಬಿಟ್ಟಳು.

ಪಿಳ್ಳಪ್ಪನವರು ಪೇಪರ್ ಹಿಡಿದು ಬರುವುದು ತಪ್ಪಲಿಲ್ಲ. ಆದರೆ ಕನ್ನಡಕದ ಮಾತು ನಿಂತಿತು. ಬೆಂಚಿನಲ್ಲಿ ಯಾರೇ ಕೂತಿರಲಿ, "ನೀವೇ ಓದಿ ಮೇಷ್ಟ್ರೇ, ನನ್ನ ಕೈಲಾಗಲ್ಲ" ಎಂದು ಸಲೀಸಾಗಿ ಹೇಳುವರು. ಆಮೇಲಾಮೇಲೆ ಊರಿನ ಇನ್ನೂ ಒಂದಿಬ್ಬರು ಗಂಡಸರು ಅದೇ ಮಾತು ಹೇಳುತ್ತಾ ಬೆಂಚಿಗೆ ಬಂದು ಕೂತರು. ನನಗೆ ಕೆಲಸ ಹೆಚ್ಚಾಯಿತು.

ನಾನೂ ಸರೋಜಮ್ಮನವರೂ ಬೇರೆ ಬೇರೆ ಊರಿಗೆ ವರ್ಗವಾಗಿ ಹೋದೆವು. ಅವರು ಬೈರಕೂರಿನ ಕಡೆ ನಿವೃತ್ತರಾದರು. ತೀರಿಕೊಂಡು ಕೆಲವು ವರ್ಷವಾಯಿತು. ಮುನಿಲಕ್ಷ್ಮಿ ಹತ್ತನೇ ತರಗತಿಯವರೆಗೆ ಓದಿದಳು, ಬಿದ್ದು, ಎದ್ದು. ಈಗ ಗಂಡನ ಜೊತೆ ಶ್ರೀನಿವಾಸಪುರದಲ್ಲಿ ಗೊಬ್ಬರ, ಔಷಧಿಯ ಅಂಗಡಿ ಇಟ್ಟಿದ್ದಾಳೆ. ಒಮ್ಮೆ ಹೋಗಿದ್ದೆ. ಗಿರಾಕಿ ಕೇಳಿದ ಬಾಟಲಿಯನ್ನು ತೆಗೆದು, ಹೆಸರಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಎರಡು ಸಲ ಓದಿ ಕೊಡುತ್ತಿದ್ದಳು. ಯಾರೋ ಅವಸರ ಮಾಡಿದರು. "ತಡಿಯಪ್ಪ, ವಿಷ ಇದು. ನಂಗೆ ನಿಧಾನ" ಅಂದಳು. ಅವನು ತಡೆದ.

ಇಷ್ಟು ಹೇಳಿ ಮುಗಿಸುವಾಗ ಮೇಜಿನ ಮೇಲೆ ಕಾಫಿ ಆರಿತ್ತು. ಮಗಳು ಕಂತೆಯ ಹಾಳೆಗಳನ್ನು ತಿರುವಿ, ಮನೆಯ ಹಿರಿಯರ ಬಗ್ಗೆ ಕೇಳುವ ಪುಟ ಇದರಲ್ಲೂ ಇದೆ, ತರಬೇತಿಯಲ್ಲಿ ಅದನ್ನು ಓಡಿಸಿಬಿಟ್ಟರು ಅಂದಳು. ಆ ಪುಟವನ್ನು ಕಂತೆಯಿಂದ ಎಳೆದು ಮೇಲಿಟ್ಟುಕೊಂಡಳು.

"ನನ್ನ ಕ್ಲಾಸಲ್ಲಿ ಒಬ್ಬಳಿದಾಳೆ. ಅವಳಪ್ಪ ಹೆಂಚಿನ ಫ್ಯಾಕ್ಟರಿಗೆ ಹೋಗ್ತಾನೆ. ಸಹಿ ಹಾಕೋಕೆ ಅಂತ ಕರೆದಾಗೆಲ್ಲ ಬೆರಳಿಗೆ ಬಟ್ಟೆ ಸುತ್ಕೊಂಡು ಬರ್ತಾನೆ. ಗಾಯ ಆಗಿದೆ ಟೀಚರ್, ನೀವೇ ಓದಿ ಹೇಳಿ ಅಂತಾನೆ. ಮಗಳ ವಿಷಯದಲ್ಲಿ ಎಷ್ಟು ಅಸಡ್ಡೆ ಅಂತ ಮೊನ್ನೆ ಬೈದು ಕಳಿಸಿದೆ" ಅಂದಳು.

ನಾನು ಆರಿದ ಕಾಫಿಯನ್ನು ಬಿಸಿ ಮಾಡಲು ಎದ್ದೆ. ಉಪದೇಶ ಮಾಡದೆ ಏಳುವುದು ಮೇಷ್ಟರಾಗಿದ್ದವನಿಗೆ ಸುಲಭವಲ್ಲ.

ಸೋಮವಾರ ಅವಳು ಎಂದಿನ ಬಸ್ಸಿಗಿಂತ ಮುಂಚಿನ ಬಸ್ಸು ಹಿಡಿದಳು. ಫ್ಯಾಕ್ಟರಿಯ ಪಾಳಿ ಶುರುವಾಗುವ ಮೊದಲು ಗೇಟಿನ ಹತ್ತಿರ ಆತ ಸಿಗುತ್ತಾನಂತೆ.